ಎರಡು ಕಿಲೋ ಗಾಳಿ

ಬೇಳದ ಪದವಿನಲ್ಲಿ ಗೇರುಮರದ ಬುಡಕ್ಕೆ
ವಿಮಾನದ ಬಾಲ ಕಟ್ಟಿದ್ದೇವೆ.
ಹಗ್ಗಕ್ಕೂ ಬಾಲಕ್ಕೂ ನಡುವೆ
ಸುಗಂಧಿಯಕ್ಕನ ಮೀನಿನ ತ್ರಾಸು,
ಇನ್ನೂರು ಕಿಲೋದ್ದು, ಕೊಕ್ಕೆಗೆ ಬಂಗುಡೆಯ ವಾಸನೆ.
ಎಷ್ಟು ಎಳೆಯುತ್ತದೆ, ಅಷ್ಟು ಗೊತ್ತಾಗಲಿ ಇವತ್ತು.
ಆಕಾಶದ ಮಾತು ಆಮೇಲೆ.

ನಾನು ಕೊಯಿಪ್ಪಾಡಿಯವ, ದೋಣಿ ಎಂಜಿನ್ ಕೆಲಸ.
ನೀರೊಳಗೆ ತಿರುಗುವ ಹಿತ್ತಾಳೆಯದು ಗೊತ್ತು:
ಬಲೆ ಸುತ್ತಿದರೆ ಕೊಯ್ಯುವುದು, ಬಾಗಿದರೆ ಬಡಿಯುವುದು.
"ನೀರು ದಪ್ಪ, ಗಾಳಿ ತೆಳು, ಉಳಿದದ್ದೆಲ್ಲ ಒಂದೇ, ಬಾ"
ಅಂದಿದ್ದ ಲಿಗೋರಿ ಕ್ರಾಸ್ತ.
ಒಂದೇ ಅಲ್ಲ ಅಂತ ತಿಳಿಯಲಿಕ್ಕೆ
ಎರಡು ಬೇಸಗೆ ಬೇಕಾಯಿತು.

ಮೊದಲನೆಯದು ಕೊಯಮತ್ತೂರಿಂದ ಪಾರ್ಸೆಲ್ಲಿನಲ್ಲಿ ಬಂದದ್ದು.
ಕಪ್ಪು ನೈಲಾನು, ಮೂರು ಅಲಗು,
ಬುಡದ ಬೋಲ್ಟು ಸಡಿಲಿಸಿ ಓರೆ ಬದಲಿಸಬಹುದು.
ಒಂದು ಡಿಗ್ರಿ ಹೆಚ್ಚಿಗೆ ಕೊಟ್ಟರೆ
ಹಳೆಯ ಮಾರುತಿ ವ್ಯಾನಿನ ಎಂಜಿನ್ನಿಗೆ ಏದುಸಿರು;
ಒಂದು ಡಿಗ್ರಿ ಕಡಿಮೆ ಮಾಡಿದರೆ ಬರೀ ಕಿರುಚಾಟ, ಎಳೆತವಿಲ್ಲ.
ಬರೆದೆ: ತೊಂಬತ್ತೇಳು.

ಎರಡನೆಯದು ಪುರಂದರ ಆಚಾರಿಯದು.
ಹೆಬ್ಬಲಸಿನ ಏಳು ಹಲಗೆ ಅಂಟಿಸಿ, ಬಿಗಿದು,
ಒಂಬತ್ತು ದಿನ ಮುಟ್ಟಬೇಡಿ ಅಂದ.
ಹತ್ತನೇ ದಿನ ಉಳಿ ಹಿಡಿದ.
ಅಲಗು ಬುಡದಲ್ಲಿ ನಿಂತುಕೊಂಡಂತೆ,
ತುದಿಗೆ ಬರುವಾಗ ಮಲಗಿಕೊಂಡಂತೆ.
"ಎಲ್ಲಿ ಏಳಬೇಕು ಎಲ್ಲಿ ಮಲಗಬೇಕು,
ನಕ್ಷೆ ಹೇಳ್ತದೆ, ಕೈ ಕೇಳ್ತದಾ ನೋಡ್ಬೇಕು."
ಕಬ್ಬಿಣದ ಸರಳಿಗೆ ಪೋಣಿಸಿ
ಎರಡು ಸ್ಟೂಲಿನ ನಡುವೆ ಇಟ್ಟ.
ಫ್ಯಾನ್ ಆರಿಸಿದ, ಕಿಟಕಿ ಹಾಕಿದ,
ನಮ್ಮನ್ನೂ ಉಸಿರಾಡಬೇಡಿ ಅಂದ.
ಎಡದ್ದು ತೂಗಿ ತೂಗಿ ಕೆಳಗೆ.
ಬಲಕ್ಕೆ ಒಂದು ಹನಿ ವಾರ್ನಿಷ್. ಕಾದೆವು. ಇನ್ನೊಂದು ಹನಿ.
ಸಂಜೆ ಆಜಾನ್ ಆಗುವ ಹೊತ್ತಿಗೆ
ಅದು ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು.
ನೂರ ಹನ್ನೆರಡು.

ಮೂರನೆಯದೂ ಅವನದೇ: ಎರಡು ಇಂಚು ಉದ್ದ,
ತಿರುವು ಸ್ವಲ್ಪ ಕಮ್ಮಿ.
ತುದಿ ಗಾಳಿ ಸೀಳುವ ಸದ್ದು
ಹೊಸ ಪಂಚೆ ಹರಿದ ಹಾಗೆ, ಹರಿಯುತ್ತಲೇ ಇದ್ದ ಹಾಗೆ.
ಮುರಕಲ್ಲಿನ ಹರಳೊಂದು ಎದ್ದು ಬಡಿಯಿತು;
ಆಚಾರಿ ಗಾಯಕ್ಕೆ ಬೆರಳಿಟ್ಟು
ಬಹಳ ಹೊತ್ತು ತೆಗೆಯಲಿಲ್ಲ.
ನೂರ ಹದಿಮೂರು!
ಲಿಗೋರಿ ಅವತ್ತೇ ಅಂಚಿಗೆ ಹಿತ್ತಾಳೆ ತಗಡು ಹೊಡೆಸಿದ.
ಗೆದ್ದದ್ದು ಗೆದ್ದಿತು ಅಂತ ನಾವೂ ಚಹಾ ಕುಡಿದೆವು.

ಸೋಮವಾರ ಸುಗಂಧಿಯಕ್ಕನ ಫೋನು.
"ಎಂತ ಮಾಡಿದ್ದು ನೀವು ನನ್ನ ತ್ರಾಸಿಗೆ?
ಖಾಲಿ ಇದ್ದರೂ ಎರಡು ಕಿಲೋ ತೋರಿಸ್ತದೆ.
ಗಿರಾಕಿ ಕೇಳಿದ,
ಅಕ್ಕ, ಇದು ಯಾವ ಮೀನು, ಕಣ್ಣಿಗೇ ಕಾಣುದಿಲ್ಲ ಅಂತ!"

ನಗು ಬಂತು. ಆಮೇಲೆ ನಾನು ಪುಸ್ತಕ ತೆರೆದೆ.
ಸ್ಪ್ರಿಂಗು ಸಡಿಲಾದದ್ದು ಯಾವಾಗ?
ಎರಡನೆಯದಕ್ಕೋ, ಮೂರನೆಯದಕ್ಕೋ,
ಲಿಗೋರಿ ಒಮ್ಮೆಲೇ ಎಕ್ಸಿಲೇಟರ್ ಒತ್ತಿದ ಆ ಜಗ್ಗಿಗೋ?
ನೂರ ಹದಿಮೂರರಲ್ಲಿ ಮರ ಎಷ್ಟು, ಸುಳ್ಳು ಎಷ್ಟು?
ಆಚಾರಿಯನ್ನು ಕೇಳಿದರೆ
"ಎರಡೂ ನನ್ನವೇ" ಅಂದು ಬೀಡಿ ಹಚ್ಚಿದ.

ಅಕ್ಕನಿಗೆ ಹೊಸ ತ್ರಾಸು ಕೊಡಿಸಿದೆವು.
ಆದಿತ್ಯವಾರ ಪೂಜೆ ಮುಗಿದ ಮೇಲೆ
ಅವಳೇ ಬಂದಳು, ತ್ರಾಸು ಎತ್ತಿಕೊಂಡು.
"ಈ ಸರ್ತಿ ನಾನೇ ನೋಡ್ತೇನೆ,
ನಿಮ್ಮ ಕಣ್ಣು ಮೇಲಿದೆ."
ಮೊದಲು ಮೂರನೆಯದು ಹಾಕಿದೆವು, ಆಮೇಲೆ ಎರಡನೆಯದು,
ನಿಧಾನ, ನಿಧಾನ ಅಂತ ನಾನು ಕೈ ತೋರಿಸುತ್ತಾ.
ಹಗ್ಗ ಬಿಗಿಯಿತು. ಗೇರುಮರ ನಡುಗಿತು.
ಒಣಗಿದೆಲೆಯೆಲ್ಲ ಹಿಂದಕ್ಕೆ ಓಡಿತು.

ಸೆರಗು ಬಾಯಿಗೆ ಕಟ್ಟಿಕೊಂಡು
ಮುಳ್ಳಿನೆದುರು ಕೂತಿದ್ದ ಅಕ್ಕ
ಎಂಜಿನ್ನಿನ ಸದ್ದು ಮೀರಿಸಿ
ಕಡಪ್ಪುರದ ಗಂಟಲಲ್ಲೇ ಕೂಗಿದಳು:
"ನೂರಾ ಹದಿನಾಲ್ಕೂವರೆ!"

ಮತ್ತೆ, ಮೂವತ್ತು ವರ್ಷದ ರೂಢಿಯಲ್ಲಿ,
ತಿರುಗಿಯೂ ನೋಡದೆ:
"ಯಾರಿಗೆ?"